ಎಡಕ್ಕೆ ನಲವತ್ತೆಂಟು, ಬಲಕ್ಕೆ ಮೂವತ್ತಾರು

ಶಿವರಾತ್ರಿ ಕಳೆದ ಎರಡನೇ ವಾರ, ಒಂದು ಗುರುವಾರ ಬೆಳಿಗ್ಗೆ ಆರೂವರೆಗೆ ನಾನೂ ನನ್ನ ಹೆಂಡತಿ ಸರೋಜಳೂ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟೆವು. ಪರಿಗಿ, ರೊದ್ದಂ, ಪಾವಗಡ, ಕಂಬದೂರು ದಾರಿ ಹಿಡಿದರೆ ನೂರಹದಿನೈದು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಾದರೆ ಪಾವಗಡದಲ್ಲಿ ಇಳಿದು ಇನ್ನೊಂದು ಹತ್ತಬೇಕು. ನಾವು ಹೊರಟಿದ್ದು ನಮ್ಮದೇ ಗಾಡಿಯಲ್ಲಿ. ಊರು ನೋಡುವುದಕ್ಕೆಂದು ಹೊರಟ ಪ್ರವಾಸವೂ ಇದಲ್ಲ. ಒಬ್ಬ ಮನುಷ್ಯನನ್ನು ಅವನ ಅಂಗಡಿ ಮುಂದೆಯೇ ನಿಲ್ಲಿಸಿ ತರಾಟೆಗೆ ತಗೊಳ್ಳಬೇಕೆಂದು ಹೊರಟಿದ್ದೆ. ಹೇಗೆ ವಾಪಸ್ ಬಂದೆ ಅನ್ನುವುದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮೊದಲು ಗಾಡಿಯ ವಿಷಯ ಹೇಳಬೇಕು. ಅದು ಇಪ್ಪತ್ತು ಸೀಟಿನ ಹಳೇ ಮಿನಿಬಸ್ಸು. ಮೂರು ವರ್ಷದ ಹಿಂದೆ ಕೊಂಡು, ಸೀಟುಗಳನ್ನು ಕಿತ್ತು, ಮಂಚ, ಕಕ್ಕಸು, ಅಡುಗೆಮನೆ ಎಲ್ಲ ಕೂರಿಸಿದೆ. ಇಂಥ ಗಾಡಿ ಇಟ್ಟುಕೊಂಡವರು ಇದಕ್ಕೆ ಮೋಟರ್ ಹೋಮ್ ಅನ್ನುತ್ತಾರೆ, ನಮ್ಮ ಬೀದಿಯವರು ಅಡುಗೆಮನೆ ಬಸ್ಸು ಅನ್ನುತ್ತಾರೆ. ಬೀದಿಯವರು ಹೇಳುವುದೇ ಸರಿ. ಎಲ್ಲರೂ ಹಗುರವಾಗಲಿ ಅಂತ ಅಡುಗೆ ಕಟ್ಟೆಗೆ ಪ್ಲೈವುಡ್ ಹಾಕಿಸಿದರೆ, ಸರೋಜ "ಮರದ ಮೇಲೆ ಒಲೆ ಇಟ್ಟು ಅಡುಗೆ ಮಾಡಾಕಾಯ್ತದಾ?" ಅಂದಳು. ನಮ್ಮ ಕಡೆ ಅಡುಗೆ ಕಟ್ಟೆ ಅಂದರೆ ಕಡಪಾ ಕಲ್ಲು. ಎರಡಿಂಚು ದಪ್ಪದ ಕಲ್ಲನ್ನು ನಾಲ್ಕು ಜನ ಉಸಿರು ಬಿಗಿಹಿಡಿದು ತಂದು, ಎಡಗಡೆ, ಅವಳ ಸೀಟಿನ ಬೆನ್ನಿಗೇ ಕೂರಿಸಿದರು. ಅದರ ಕೆಳಗೆ ಇಪ್ಪತ್ತು ಲೀಟರಿನ ಆರು ನೀರಿನ ಕ್ಯಾನು. ಹಿಂದೂಪುರದವರು ಎಲ್ಲಿಗೆ ಹೋದರೂ ನೀರು ಹೊತ್ತುಕೊಂಡೇ ಹೋಗುವವರು. ಬೇರೆ ಊರಿನ ನೀರಿನ ಮೇಲೆ ನಮಗೆ ನಂಬಿಕೆಯಿಲ್ಲ, ನಮ್ಮೂರಿನ ನೀರಿನ ಮೇಲೂ ಇಲ್ಲ.

ಇಷ್ಟು ಭಾರಕ್ಕೆ ಗಾಡಿಯ ಮೂತಿ ನೆಲ ನೋಡತೊಡಗಿತು. ಹಾಗಾಗಿ ಸಂಕ್ರಾಂತಿ ಆದ ಮೇಲೆ ಕಲ್ಯಾಣದುರ್ಗದ ತಿಪ್ಪೇಸ್ವಾಮಿಯ ಹತ್ತಿರ ಹೋಗಿ ಮುಂದಿನ ಎರಡು ಚಕ್ರಗಳಿಗೂ ಏರ್ ಬ್ಯಾಗ್ ಹಾಕಿಸಿದ್ದೆ. ಅಪಘಾತವಾದಾಗ ಕಾರಿನೊಳಗೆ ಉಬ್ಬಿ ಮುಖಕ್ಕೆ ಬರುವ ಚೀಲ ಬೇರೆ. ಇದು ಸ್ಪ್ರಿಂಗ್ ಪ್ಲೇಟಿನ ಮಗ್ಗುಲಿಗೆ, ಕೆಳಗಿನ ಆಕ್ಸಲ್ಲಿಗೂ ಮೇಲಿನ ಚಾಸಿಗೂ ನಡುವೆ ಕೂರುವ ತಂಬಿಗೆ ಗಾತ್ರದ ದಪ್ಪ ರಬ್ಬರಿನ ಚೀಲ. ಗಾಳಿ ತುಂಬಿದಷ್ಟೂ ಆ ಮಗ್ಗುಲು ಮೇಲೇಳುತ್ತದೆ, ಬಿಟ್ಟಷ್ಟೂ ಇಳಿಯುತ್ತದೆ. ತಿಪ್ಪೇಸ್ವಾಮಿಗೆ ಈಗ ನಲವತ್ತರ ಹತ್ತಿರ. ಹಿಂದೆ ಐಟಿಐನಲ್ಲಿ ನನ್ನ ಕೈಕೆಳಗೆ ಫಿಟ್ಟರ್ ಕೆಲಸ ಕಲಿತವನು. ಬೆಳುಗುಪ್ಪ ರಸ್ತೆಯ ಬದಿಗೆ ಅವನದೊಂದು ತಗಡಿನ ಶೆಡ್ಡಿದೆ. ಒಬ್ಬನೇ ದುಡಿಯುತ್ತಾನೆ.

ಅವತ್ತು ಅವನು ನನ್ನನ್ನು ಸ್ಟೀರಿಂಗಿನ ಮುಂದೆ, ಸರೋಜಳನ್ನು ಅವಳ ಸೀಟಿನಲ್ಲಿ ಕೂರಿಸಿ, ನೀರಿನ ಕ್ಯಾನು ಸಹಿತ ಏನನ್ನೂ ಇಳಿಸಬೇಡಿ ಅಂದು, ಗಾಡಿಯ ಕೆಳಗೆ ಮಲಗಿ ಎರಡು ಗಂಟೆ ಏನೇನೋ ಅಳೆದ. ನಾನು ಫೋನು ನೋಡುತ್ತಾ ಕೂತಿದ್ದೆ. ಕೊನೆಗೆ ಚಕ್ರದ ಮೇಲಿನ ತಗಡಿನ ಒಳಗಡೆ ಹಳದಿ ಪೇಂಟಿನಲ್ಲಿ "ಎಡ 48, ಬಲ 36" ಅಂತ ಬರೆದ. ಊರಿಗೆ ಬಂದು ಒಂದು ದಿನ ಬಗ್ಗಿ ನೋಡಿದಾಗ ಅದು ಕಣ್ಣಿಗೆ ಬಿತ್ತು. ಒಂದೇ ಆಕ್ಸಲ್ಲಿನ ಎರಡು ತುದಿಗೆ ಎರಡು ಲೆಕ್ಕ ಎಂಥದು? ಹುಡುಗ ಅವಸರದಲ್ಲಿ ಕೆಲಸ ಕೆಡಿಸಿದ್ದಾನೆ ಅಂತ ನಾನೇ ತೀರ್ಮಾನಿಸಿಬಿಟ್ಟೆ. ಥಿನ್ನರ್ ಹಾಕಿ ಪೇಂಟು ಒರೆಸಿದೆ. ಎರಡೂ ಬ್ಯಾಗಿಗೆ ನಲವತ್ತೆಂಟು ಪೌಂಡು ಗಾಳಿ ತುಂಬಿದೆ.

ಅವತ್ತಿನಿಂದ ಗಾಡಿ ಎಡಕ್ಕೆ ವಾಲಿತು. ಬಲಗಡೆ ಚಕ್ರ ಸಣ್ಣ ಗುಂಡಿಗೆ ಇಳಿದರೂ ದಡ್ ಅನ್ನುತ್ತಿತ್ತು. ಸ್ಟೀರಿಂಗು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಪಾತ್ರೆಯ ಗೂಡಿನ ಬಾಗಿಲು ತೆರೆದುಕೊಂಡು ಸರೋಜಳ ತವರಿನ ಹಿತ್ತಾಳೆ ಬೋಗುಣಿ ನೆಗ್ಗಿಹೋಯಿತು. ನನಗೆ ಸಿಟ್ಟು ನೆತ್ತಿಗೇರಿತು. ಮೋಟರ್ ಹೋಮ್ ಇಟ್ಟುಕೊಂಡವರದೊಂದು ವಾಟ್ಸಾಪ್ ಗುಂಪಿದೆ, ಅದರಲ್ಲಿ ನಾನು ದೊಡ್ಡ ಮನುಷ್ಯ, ಎಲ್ಲರೂ ಸಾರ್ ಅನ್ನುವವರೇ. ಅಲ್ಲಿ ಒಂದು ವಾಯ್ಸ್ ಮೆಸೇಜು ಹಾಕಿದೆ. "ಕಲ್ಯಾಣದುರ್ಗದಲ್ಲಿ ಯಾರೂ ಫ್ರಂಟ್ ಏರ್ ಬ್ಯಾಗ್ ಹಾಕಿಸಬೇಡಿ. ಅವನು ನನ್ನ ಶಿಷ್ಯನೇ. ನನ್ನ ಕ್ಲಾಸಿನಲ್ಲೂ ಅವನಿಗೆ ಸ್ಕೇಲು ಹಿಡಿಯೋದಕ್ಕೆ ಬರ್ತಿರಲಿಲ್ಲ" ಅಂದೆ. ಕೊನೆಗೆ ನಕ್ಕಿದ್ದೆ ಕೂಡ. ಅನಂತಪುರದ ಕಡೆಯವರೊಬ್ಬರು ಎರಡು ಗಾಡಿಗಳ ಕೆಲಸವನ್ನು ಅವನಿಗೆ ಒಪ್ಪಿಸುವುದರಲ್ಲಿದ್ದರಂತೆ. "ಒಳ್ಳೇ ಸಮಯಕ್ಕೆ ಹೇಳಿದಿರಿ ಸಾರ್, ಬೇರೆ ಕಡೆ ಕೊಡ್ತೀನಿ" ಅಂತ ಅದೇ ಗುಂಪಿನಲ್ಲಿ ಬರೆದರು. ಒಬ್ಬ ಕೆಲಸಗಾರನ ಹೆಸರು ಹಾಳಾಯಿತು ಅಂತ ಆಗ ನನಗೆ ಅನ್ನಿಸಲಿಲ್ಲ. ನನ್ನ ಮಾತಿಗೆ ಎಷ್ಟು ಬೆಲೆಯಿದೆ ಅನ್ನಿಸಿತು.

ಇದನ್ನು ಸರೋಜಳಿಗೆ ಹೇಳಿರಲಿಲ್ಲ. ತಿಪ್ಪೇಸ್ವಾಮಿಗೆ ಒಂದು ಫೋನೂ ಮಾಡಿರಲಿಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದ ವರ್ಕ್‌ಶಾಪಿನ ಗೋಡೆ ಮೇಲೆ "ಅಳೆಯದೆ ಮಾತಾಡಬೇಡಿ" ಅಂತ ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿದವನು ನಾನು. ಈ ಇಡೀ ವ್ಯವಹಾರದಲ್ಲಿ ಒಂದು ಸಲವೂ ಸ್ಕೇಲು ಕೈಗೆ ತಗೊಂಡಿರಲಿಲ್ಲ.

ಪರಿಗಿಯಲ್ಲಿ ಏಳು ಗಂಟೆಗೆ ಇಡ್ಲಿ ತಿಂದೆವು. ಹುಣಸೆಹಣ್ಣಿನ ಮೂಟೆ ಹೇರಿಕೊಂಡ ಆಟೋಗಳು ಸಾಲಾಗಿ ಹಿಂದೂಪುರದ ಮಂಡಿಗೆ ಹೋಗುತ್ತಿದ್ದವು. ಹೋಟೆಲಿನ ಪಕ್ಕ ಒಂದು ಪಂಕ್ಚರ್ ಅಂಗಡಿ ಇತ್ತು. ಜಗಳಕ್ಕೆ ಹೋಗುವಾಗ ಲೆಕ್ಕ ಪಕ್ಕಾ ಇರಲಿ ಅಂತ ಎರಡೂ ಬ್ಯಾಗಿನ ಗಾಳಿ ನೋಡಲು ಹೇಳಿದೆ. ಅಂಗಡಿಯವನು ಗೇಜು ಹಿಡಿದು ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಗಾಡಿಯ ಮುಂಭಾಗವನ್ನು ಸ್ವಲ್ಪ ಹೊತ್ತು ನೋಡಿದ.

"ಎರಡ್ರಾಗೂ ನಲ್ವತ್ತೆಂಟೇ ಐತೆ ಸಾ. ಅದ್ಕೇ ಬಲಗಡೆ ಎದ್ದು ಕುಂತೈತೆ."

"ಎರಡರಲ್ಲೂ ಒಂದೇ ಇದ್ದ ಮೇಲೆ ಒಂದು ಯಾಕಪ್ಪ ಏಳುತ್ತೆ?"

"ಟೈರ್‌ಗಾದ್ರೆ ಎರಡ್ಕೂ ಒಂದೇ ಸಾ. ಬ್ಯಾಗ್‌ಗೆ ಹಂಗಲ್ಲ. ಎತ್ತರ ನೋಡ್ಕಂಡು ಗಾಳಿ ಹಿಡೀಬೇಕು."

"ನಾನು ಮೂವತ್ತೊಂದು ವರ್ಷ ಇದನ್ನೇ ಪಾಠ ಮಾಡಿರೋನು ಕಣಪ್ಪ" ಅಂದೆ. ಅದು ಸುಳ್ಳು. ನಾನು ಕಲಿಸಿದ್ದು ಕಬ್ಬಿಣ ಉಜ್ಜುವ ಅರ ಹಿಡಿಯುವುದನ್ನು, ಬೆಂಚ್ ವೈಸಿನ ಕೆಲಸವನ್ನು. ಏರ್ ಬ್ಯಾಗನ್ನು ಪೆನ್ಷನ್ ಬಂದ ಮೇಲೆ ನೋಡಿದವನು. ಅವನು "ಸರ್ಲೇ ಸಾ" ಅಂದು ಇನ್ನೊಂದು ಗಾಡಿಯ ಕಡೆ ಹೋದ. ಸರೋಜ ನನ್ನ ಮುಖ ನೋಡಿದಳು.

ರೊದ್ದಂ ದಾಟುವಾಗ ಎಂಟೂಮುಕ್ಕಾಲು. ಬಿಸಿಲು ಆಗಲೇ ಗಾಜಿಗೆ ಹೊಡೆಯುತ್ತಿತ್ತು. ಊರಾಚೆ ಒಂದು ಕಾಟಾ, ಅಂದರೆ ಲಾರಿ ತೂಗುವ ವೇಬ್ರಿಡ್ಜು, ಖಾಲಿ ಕಂಡಿತು. ನನಗೊಂದು ಯೋಚನೆ ಬಂತು. ಎಡ ಚಕ್ರ, ಬಲ ಚಕ್ರ ಬೇರೆ ಬೇರೆ ತೂಗಿಸಿ, ಎರಡೂ ಒಂದೇ ಅಂತ ಅಚ್ಚಾದ ಚೀಟಿಯನ್ನು ತಿಪ್ಪೇಸ್ವಾಮಿಯ ಕೈಗಿಟ್ಟರೆ ಅವನು ಬಾಯಿ ತೆರೆಯುವ ಹಾಗಿಲ್ಲ. ಕಾಟಾದವನು ಮೊದಲು "ಇದೇಂ ಬಂಡಿ ಸಾರ್?" ಅಂತ ತೆಲುಗಿನಲ್ಲಿ ಕೇಳಿದ. ಒಳಗೆ ಇಣುಕಿ, ಕಡಪಾ ಕಲ್ಲು ನೋಡಿ, "ಮನೇನೇ ಹೊತ್ಕಂಡ್ ಬಂದ್ಬುಟ್ಟಿದೀರಲ್ಲ" ಅಂದ. ಒಂಟಿ ಚಕ್ರ ತೂಗಿಸುವವರನ್ನು ಅವನು ನೋಡಿರಲಿಲ್ಲವಂತೆ. ಆದರೂ ತಾಳ್ಮೆಯಿಂದ ಕೈ ತೋರಿಸುತ್ತಾ, ಮುಂದಿನ ಎಡಗಡೆ ಚಕ್ರ ಮಾತ್ರ ಪ್ಲೇಟಿನ ಅಂಚಿಗೆ ಹತ್ತುವಂತೆ ನಿಲ್ಲಿಸಿದ. ಆಮೇಲೆ ಸುತ್ತಿಸಿಕೊಂಡು ಬಂದು ಬಲಗಡೆಯದು.

ಎಡಗಡೆ ಸಾವಿರದ ನೂರ ಐವತ್ತು ಕೆಜಿ. ಬಲಗಡೆ ಎಂಟುನೂರ ತೊಂಬತ್ತು.

"ಇನ್ನೊಂದ್ಸಲ ತೂಗು" ಅಂದೆ. ಇನ್ನೊಂದು ಸಲವೂ ಅಷ್ಟೇ ಬಂತು.

"ಅಮ್ಮನ್ನ ಇಳ್ಸಿ ತೂಗ್ಲಾ ಸಾ?" ಅಂತ ಕಾಟಾದವನು ನಕ್ಕ. "ನನ್ ಮೇಲಾಕ್ಬೇಡಪ್ಪ, ನಾನೆಲ್ಲಿ ಇನ್ನೂರರವತ್ತು ಕೆಜಿ ಇವ್ನಿ" ಅಂತ ಸರೋಜಳೂ ನಕ್ಕಳು. ನಾನು ಮಾತ್ರ ಆ ಚೀಟಿ ಹಿಡಿದುಕೊಂಡು ನಿಂತೇ ಇದ್ದೆ. ಕಲ್ಲು ಎಡಕ್ಕೆ, ನೀರು ಎಡಕ್ಕೆ, ಗ್ಯಾಸ್ ಸಿಲಿಂಡರು ಎಡಕ್ಕೆ, ಅಕ್ಕಿ ಡಬ್ಬ ಎಡಕ್ಕೆ. ಭಾರ ಹೆಚ್ಚಿರುವ ಕಡೆ ಹೆಚ್ಚು ಗಾಳಿ, ಕಡಿಮೆ ಇರುವ ಕಡೆ ಕಡಿಮೆ, ಹಾಗಿದ್ದರೆ ತಾನೇ ಎರಡೂ ಮಗ್ಗುಲು ಒಂದೇ ಎತ್ತರಕ್ಕೆ ನಿಲ್ಲುವುದು. ಹತ್ತನೇ ಕ್ಲಾಸಿನವರಿಗೂ ಹೊಳೆಯಬೇಕಾದ ವಿಷಯ. ತಿಪ್ಪೇಸ್ವಾಮಿ ಏನನ್ನೂ ಇಳಿಸಬೇಡಿ ಅಂದಿದ್ದು ಯಾಕೆ, ಎರಡು ಗಂಟೆ ಕೆಳಗೆ ಮಲಗಿದ್ದು ಯಾಕೆ, ಎಲ್ಲ ಒಮ್ಮೆಗೇ ಅರ್ಥವಾಯಿತು.

ಗಾಡಿ ಹತ್ತಿದ ಮೇಲೆ ಸರೋಜಳಿಗೆ ಅಷ್ಟನ್ನು ಹೇಳಿದೆ. ಅವಳಿಗೆ ಸಮಾಧಾನವೇ ಆಯಿತು. "ಅಷ್ಟೇ ತಾನೆ? ಗಾಳಿ ಬಿಟ್ರಾಯ್ತು. ತಿಪ್ಪೇಸಾಮಿ ಮನೆಗೋಗಿ ಒಂದೊತ್ತು ಉಂಡ್ಕಂಡ್ ಬರಾಣ" ಅಂದಳು. ಆಗ ಹೇಳದೆ ಬೇರೆ ದಾರಿ ಇರಲಿಲ್ಲ. ರಸ್ತೆ ಬದಿಗೆ ನಿಲ್ಲಿಸಿ ಆ ವಾಯ್ಸ್ ಮೆಸೇಜು ಹಾಕಿ ಕೇಳಿಸಿದೆ. ನನ್ನ ದನಿ ನನಗೇ ಹೇಸಿಗೆಯಾಯಿತು. ಕೊನೆಯ ನಗು ಮುಗಿಯುವವರೆಗೂ ಅವಳು ರಸ್ತೆ ನೋಡುತ್ತಾ ಕೂತಿದ್ದಳು.

"ಅವ್ನಿಗೆ ಸ್ಕೇಲಿಡಿಯಾಕೆ ಬತ್ತಿರ್ಲಿಲ್ವಾ?"

"ಬರ್ತಿತ್ತು. ಆ ಬ್ಯಾಚಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನೇ ಅಳೀತಿದ್ದ."

"ಮತ್ತೆ ಯಾಕ್ರೀ ಹಂಗಂದ್ರಿ?"

ಮಾತಿಗೆ ಖಾರ ಇರಲಿ ಅಂತ ಅಂದಿದ್ದೆ, ಅಷ್ಟೇ. "ಎರಡ್ ವರ್ಷ ಭಾನುವಾರ ಭಾನುವಾರ ನಮ್ಮನೆ ಚಾಪೆ ಮೇಲೆ ಕುಂತು ಉಂಡವ್ನೆ. ಉಂಡಾದ್ಮೇಲೆ ತಟ್ಟೆ ತೊಳ್ಯಾಕೆ ನನ್ನ ಬಿಡ್ತಿರ್ಲಿಲ್ಲ" ಅಂದಳು.

ಪಾವಗಡದಲ್ಲಿ ಮಜ್ಜಿಗೆ ಕುಡಿದೆವು. ಅಲ್ಲಿಂದ ಮುಂದೆ ಒಂದು ಕಡೆ ಸೋಲಾರ್ ಫಲಕಗಳು, ಇನ್ನೊಂದು ಕಡೆ ಕಡ್ಲೇಕಾಯಿ ಕಿತ್ತು ಖಾಲಿ ಬಿದ್ದ ಕೆಂಪು ಹೊಲಗಳು. ಬಂಡೆಗಳ ಮೇಲೆ ಬಿಸಿಲು ಕುಣಿಯುತ್ತಿತ್ತು. ಬೇರೆ ದಿನವಾಗಿದ್ದರೆ ಅಲ್ಲಲ್ಲಿ ನಿಲ್ಲಿಸಿ ಫೋಟೋ ಹಿಡಿದು ಗುಂಪಿಗೆ ಹಾಕುತ್ತಿದ್ದೆ. ಅವತ್ತು ಆ ಗುಂಪನ್ನು ತೆರೆಯುವುದಕ್ಕೂ ಕೈ ಬರಲಿಲ್ಲ.

ಕಂಬದೂರಿಗೆ ಐದಾರು ಕಿಲೋಮೀಟರ್ ಇದೆ ಅನ್ನುವಾಗ ನಾನು ಮಾಡಿದ ಕೆಲಸವನ್ನು ಬರೆಯದೆ ಬಿಟ್ಟರೆ ಈ ಕಥನವೇ ಸುಳ್ಳಾಗುತ್ತದೆ. ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಇಳಿದೆ. ಬಲಗಡೆ ಬ್ಯಾಗಿನ ವಾಲ್ವಿನ ಮುಚ್ಚಳ ತೆಗೆದು ಗಾಳಿ ಬಿಡತೊಡಗಿದೆ. ಹೊಳೆದದ್ದು ಇಷ್ಟು: ಅವನು ಹಿಡಿದಿದ್ದ ಲೆಕ್ಕಕ್ಕೇ ತಂದುಬಿಟ್ಟರೆ, ನಾನು ಕೈ ಹಾಕಿದ್ದು ಅವನಿಗೆ ಗೊತ್ತಾಗುವುದಿಲ್ಲ. ಸುಮ್ಮನೆ ಈ ಕಡೆ ಬಂದಿದ್ದೆವು, ನೋಡಿ ಹೋಗೋಣ ಅಂತ ಬಂದೆವು ಅನ್ನಬಹುದು. ಮೆಸೇಜು ಅವನ ಕಿವಿಗೆ ಬಿದ್ದಿರಲಾರದು. ಬಿದ್ದಿದ್ದರೆ ಯಾರೋ ತಪ್ಪು ತಿಳಿದುಕೊಂಡರು ಅನ್ನಬಹುದು. ಆದರೆ ಆ ಲೆಕ್ಕ ಎಷ್ಟು ಅನ್ನುವುದೇ ನೆನಪಾಗಲಿಲ್ಲ. ನಲವತ್ತೆಂಟು ನೆನಪಿತ್ತು, ಅದನ್ನೇ ಎರಡಕ್ಕೂ ತುಂಬಿದ್ದೆನಲ್ಲ. ಇನ್ನೊಂದು ಮೂವತ್ತೆಷ್ಟೋ. ಅದನ್ನು ನನ್ನ ಕೈಯಾರೆ ಒರೆಸಿದ್ದೆ.

ಸರೋಜ ಕಿಟಕಿಯಿಂದ ಬಗ್ಗಿ ನೋಡಿದಳು. "ಏನ್ಮಾಡ್ತಿದೀರಾ?"

"ಸರಿ ಮಾಡ್ತಿದ್ದೀನಿ."

"ಸರಿ ಮಾಡ್ತಿದೀರೋ, ಮುಚ್ಚಾಕ್ತಿದೀರೋ?"

ನಾನು ಗೇಜು ಹಿಡಿದು ನೋಡಿ ಮೂವತ್ತಕ್ಕೆ ನಿಲ್ಲಿಸಿ ಮುಚ್ಚಳ ತಿರುಗಿಸಿದೆ. ಈಗ ಗಾಡಿ ಬಲಕ್ಕೆ ವಾಲಿತು. ತಿರುವುಗಳಲ್ಲಿ ಆ ಮಗ್ಗುಲು ತಗ್ಗಿ, ಕೆಳಗೆ ಎಲ್ಲೋ ರಬ್ಬರು ಉಜ್ಜುವ ಸದ್ದು ಬರುತ್ತಿತ್ತು. ಕಂಬದೂರಿನಿಂದ ಕಲ್ಯಾಣದುರ್ಗದವರೆಗಿನ ಆ ದಾರಿಯನ್ನು ಇಪ್ಪತ್ತರ ವೇಗದಲ್ಲಿ ಓಡಿಸಿದೆ. ಆಳು ಕೂರಿಸಿಕೊಂಡ ಜೀಪುಗಳೆಲ್ಲ ಹಾರನ್ನು ಹೊಡೆದು ಮುಂದೆ ಹೋದವು.

ಕಲ್ಯಾಣದುರ್ಗ ತಲುಪಿದಾಗ ಹನ್ನೆರಡೂವರೆ. ಬಸ್ ಸ್ಟ್ಯಾಂಡ್ ದಾಟಿ ಬೆಳುಗುಪ್ಪ ರಸ್ತೆಗೆ ತಿರುಗಿದರೆ ಎಡಕ್ಕೆ ಅವನ ಶೆಡ್ಡು. ಮೇಲೆ ಬೋರ್ಡಿದೆ. ನಮ್ಮ ಕಡೆ ಅಂಗಡಿ ಬೋರ್ಡಿನ ನೆತ್ತಿಯಲ್ಲಿ ಮನೆದೇವರ ಹೆಸರೋ ತಂದೆತಾಯಿಯ ಹೆಸರೋ ಬರೆಸಿ ಅವರ ಆಶೀರ್ವಾದ ಅನ್ನುವುದು ವಾಡಿಕೆ. ತಿಪ್ಪೇಸ್ವಾಮಿ ತೆಲುಗು ಅಕ್ಷರದಲ್ಲಿ ನನ್ನ ಹೆಸರನ್ನು ಇನಿಷಿಯಲ್ ಸಮೇತ ಬರೆಸಿ, ನಮ್ಮ ಗುರುಗಳ ಆಶೀರ್ವಾದ ಅಂತ ಹಾಕಿಸಿದ್ದಾನೆ. ಸಂಕ್ರಾಂತಿಯ ಮೇಲೆ ಬಂದಾಗ ಅದನ್ನು ನೋಡಿ ಎದೆಯುಬ್ಬಿತ್ತು. ಈಗ ಬೋರ್ಡು ಹಾಗೆಯೇ ಇತ್ತು. ಅದರ ಕೆಳಗೆ ಕೆಲಸದ ಜಾಗ ಖಾಲಿ ಹೊಡೆಯುತ್ತಿತ್ತು, ಒಂದು ಗಾಡಿಯೂ ಇರಲಿಲ್ಲ.

ಅವನು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಸೊರಗಿದ್ದ. "ಬನ್ನಿ ಸಾ, ಬನ್ನಿ ಅಮ್ಮ. ನೀವು ಬತ್ತೀರಿ ಅಂತ ನಂಗೊತ್ತಿತ್ತು" ಅಂದು ಕುರ್ಚಿ ಎಳೆದು ಹಾಕಿದ. ಅವನ ಹೆಂಡತಿ ಹಿಂದಿನ ಮನೆಯಿಂದ ನೀರು ತಂದುಕೊಟ್ಟಳು. ಆ ನೀರನ್ನು ನಾನು ಕುಡಿದೆ. ಬೇರೆ ಊರಿನ ನೀರು ಅನ್ನುವುದೂ ಆಗ ನೆನಪಾಗಲಿಲ್ಲ.

"ಮೆಸೇಜು ಕೇಳ್ದೆ ಸಾ" ಅಂತ ಅವನೇ ಶುರು ಮಾಡಿದ. "ಅನಂತಪುರದೋರು ಫೋನ್ ಮಾಡಿ ಕೇಳ್ಸಿದ್ರು. ನಿನ್ ಬೋರ್ಡ್ ಮೇಲಿರೋ ಸಾರೇ ಅಲ್ವೇನಯ್ಯಾ ಅಂದ್ರು. ಹೂಂ ಅಂದೆ. ನಮ್ ಸಾರು ಅಳೀದೆ ಒಂದ್ ಮಾತೂ ಆಡೋರಲ್ಲ, ನಂದೇ ಎಲ್ಲೋ ತಪ್ಪಾಗಿರ್ತೈತೆ, ನೀವು ಬೇರೆ ಕಡೇನೇ ಮಾಡ್ಸಿ ಅಂದೆ."

ಸರೋಜ ತಲೆ ತಗ್ಗಿಸಿದಳು.

ಅವನು ಮುಂದುವರಿಸಿದ. ಮೆಸೇಜು ಕೇಳಿದಾಗಿನಿಂದ ಈ ಹದಿನೆಂಟು ದಿನದಲ್ಲಿ, ತಾನು ಈಚೆಗೆ ಮಾಡಿಕೊಟ್ಟ ನಾಲ್ಕು ಗಾಡಿಗಳನ್ನು ವಾಪಸ್ ಕರೆಸಿ ಎಲ್ಲವನ್ನೂ ಬಿಚ್ಚಿ ನೋಡಿದನಂತೆ. ಎಲ್ಲೂ ತಪ್ಪು ಸಿಗಲಿಲ್ಲವಂತೆ. "ಸ್ಕೇಲೇ ಸವೆದೈತೇನೋ ಅಂತ ಹೊಸ್ದು ತಗಂಡೆ ಸಾ" ಅಂದು ಗೋಡೆಗೆ ಸಿಕ್ಕಿಸಿದ್ದ ಹೊಳೆಯುವ ಉಕ್ಕಿನ ಸ್ಕೇಲನ್ನು ತೋರಿಸಿದ. ಅದರ ಪಕ್ಕ ಹಳೆಯದು, ಐಟಿಐಯಿಂದ ಹೊರಗೆ ಬರುವಾಗ ನಾನೇ ಕೊಟ್ಟಿದ್ದು, ಅಂಚು ಕಪ್ಪಾಗಿತ್ತು. "ನೀವು ಬಂದು ತೋರ್ಸೋಗಂಟ ಮುಂದಿನ ಬ್ಯಾಗಿನ ಕೆಲ್ಸ ಮುಟ್ಟಲ್ಲ ಅಂತ ನಿಲ್ಸಿವ್ನಿ. ಎಲ್ಲಿ ಸಾ ತಪ್ಪಿದೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಪ್ರಶ್ನೆಯನ್ನು ತಡೆದುಕೊಳ್ಳುವುದು ಆಗಲಿಲ್ಲ. ಅವನು ನಿಜವಾಗಿಯೂ ಕಲಿಯುವುದಕ್ಕೆ ನಿಂತಿದ್ದ, ಹಿಂದೆ ಬೆಂಚಿನ ಪಕ್ಕ ನಿಲ್ಲುತ್ತಿದ್ದ ಹಾಗೆಯೇ, ಕೈ ಹಿಂದೆ ಕಟ್ಟಿಕೊಂಡು. ಹದಿನೆಂಟು ದಿನ ತನ್ನ ಕಣ್ಣನ್ನು, ಕೈಯನ್ನು, ಸ್ಕೇಲನ್ನು ಅನುಮಾನಿಸಿದ್ದ. ನನ್ನನ್ನು ಮಾತ್ರ ಅನುಮಾನಿಸಿರಲಿಲ್ಲ.

"ತಪ್ಪು ನಿಂದಲ್ಲ ಕಣಪ್ಪ" ಅಂದೆ. "ನಾನು ಅಳೀಲಿಲ್ಲ. ನೀನು ಬರೆದಿದ್ದನ್ನ ಒರೆಸಿ ಎರಡಕ್ಕೂ ಒಂದೇ ಗಾಳಿ ತುಂಬಿದೆ. ಈಗ ಬರೋ ದಾರೀಲಿ ಮುಚ್ಚಿಹಾಕೋಣ ಅಂತ ಬಲಗಡೇದು ಬಿಟ್ಟು ಬಂದೆ. ಸ್ಕೇಲಿನ ಮಾತಂತೂ ಶುದ್ಧ ಸುಳ್ಳು."

ಅವನು ನಂಬಲಿಲ್ಲ. "ನನ್ ಸಮಾಧಾನಕ್ಕೆ ಹಂಗನ್ಬೇಡಿ ಸಾ" ಅಂದ. ಕಾಟಾದ ಚೀಟಿ ತೋರಿಸಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ತೂಕ ಸಾ. ಎತ್ತರ ಅಳೀಬೇಕು. ನಾಳೆ ಬೆಳಿಗ್ಗೆ ನೀವೇ ಅಳೀರಿ, ಗಾಡಿ ತಣ್ಣಗಾಗಿರ್ತೈತೆ" ಅಂದ. ಅವತ್ತು ಸಂಜೆ ಅವರ ಮನೆಯಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು, ಕಡ್ಲೇಕಾಯಿ ಚಟ್ನಿ. ನಾನು ಎಷ್ಟು ಬೇಡವೆಂದರೂ ಅವನ ಹೆಂಡತಿ ಎರಡನೇ ಮುದ್ದೆ ಬಡಿಸಿದಳು.

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಶುರು ಮಾಡಿದೆವು. ಅವನು ಮೊದಲು ಒಂದು ಚೊಂಬು ನೀರನ್ನು ಶೆಡ್ಡಿನ ಗಾರೆ ನೆಲಕ್ಕೆ ಸುರಿದು ತೋರಿಸಿದ. ನೀರು ಯಾವ ಕಡೆಗೂ ಓಡದೆ ಸುರಿದಲ್ಲೇ ಹರಡಿ ನಿಂತಿತು. ನೆಲ ಮಟ್ಟವಾಗಿದೆ ಅನ್ನುವುದಕ್ಕೆ ಅಷ್ಟು ಸಾಕು. ಗಾಡಿಯನ್ನು ಅದರ ಮೇಲೆ ತಂದು ನಿಲ್ಲಿಸಿದೆವು. ಆರೂ ಕ್ಯಾನಿಗೆ ಸರೋಜ ಕಂಠಮಟ್ಟ ನೀರು ತುಂಬಿಸಿ ತನ್ನ ಸೀಟಿನಲ್ಲಿ ಕೂತಳು. ನನ್ನ ತೂಕವೂ ತಿಪ್ಪೇಸ್ವಾಮಿಯದೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಸ್ಟೀರಿಂಗಿನ ಮುಂದೆ ಅವನು. ಹಳೇ ಸ್ಕೇಲು ಹಿಡಿದು, ಅರವತ್ತೈದರ ಈ ವಯಸ್ಸಿನಲ್ಲಿ ಗೋಣಿಚೀಲ ಹಾಸಿಕೊಂಡು ನಾನು ಕೆಳಗೆ ನುಸುಳಿದೆ.

ಎಡಗಡೆ ನಲವತ್ತೆಂಟು ಹಾಗೆಯೇ ಇತ್ತು. ಆಕ್ಸಲ್ಲಿನ ಮೇಲಿನಿಂದ ಚಾಸಿಯ ತಳಕ್ಕೆ ಹನ್ನೊಂದೂಕಾಲು ಇಂಚು. ಬಲಗಡೆ ಮೂವತ್ತಕ್ಕೆ ಹತ್ತೂವರೆಯೂ ಇರಲಿಲ್ಲ. ಎರಡೆರಡು ಪೌಂಡು ಗಾಳಿ ಹಿಡಿಯುವುದು, ಸ್ಪ್ರಿಂಗು ಹೊಂದಿಕೊಳ್ಳಲಿ ಅಂತ ಅವನು ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಹಾಕಿಸಿ ಅದೇ ಜಾಗಕ್ಕೆ ತರುವುದು, ನಾನು ಮತ್ತೆ ನುಸುಳಿ ಅಳೆಯುವುದು. ಮೂವತ್ತೆರಡು. ಮೂವತ್ತನಾಲ್ಕು. ಕೆಳಗಿನಿಂದ ಒಂದೊಂದನ್ನೂ ಕೂಗಿ ಹೇಳುತ್ತಿದ್ದೆ. ಮೂವತ್ತಾರಕ್ಕೆ ಬಂದಾಗ ಸ್ಕೇಲಿನ ಗೆರೆ ಹನ್ನೊಂದೂಕಾಲಿಗೆ ಸರಿಯಾಗಿ ಕೂತಿತು. ಕೂಗುವ ಮೊದಲು ಇನ್ನೊಮ್ಮೆ ಸ್ಕೇಲು ಇಟ್ಟು ನೋಡಿದೆ.

"ಎಷ್ಟು ಸಾ?" ಅಂತ ಮೇಲಿನಿಂದ ಕೇಳಿದ.

"ನೀನು ಬರೆದಿದ್ದೇ ಕಣಪ್ಪ. ಮೂವತ್ತಾರು."

ಅವನು ಇಳಿದು ಬಂದ. ನನ್ನನ್ನು ಸ್ಟೀರಿಂಗಿನ ಮುಂದೆ ಕೂರಿಸಿ, ತಾನು ಕೆಳಗೆ ಹೋಗಿ ಹಳೇ ಸ್ಕೇಲಿನಲ್ಲೊಮ್ಮೆ, ಹೊಸದರಲ್ಲೊಮ್ಮೆ ಅಳೆದ. ಆಮೇಲೆ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತ. "ಹದಿನೆಂಟ್ ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಸಾ" ಅಂದ. ನನ್ನ ಮುಖ ನೋಡದೆ, "ಒಂದು ಫೋನ್ ಮಾಡಿ ಕೇಳ್ಬೋದಿತ್ತಲ್ಲ ಸಾ" ಅಂದ. ಅವನ ಬಾಯಿಂದ ಬಂದ ದೂರು ಅದೊಂದೇ.

ಗುಂಪಿಗೆ ಮೆಸೇಜು ಹಾಕುವುದು ಬಾಕಿ ಇತ್ತು. ಸರೋಜ ಫೋನು ಹಿಡಿದು ನನ್ನ ಮುಂದೆ ಕೂತಳು. ಮೊದಲ ಸಲ "ಒಂದು ಸಣ್ಣ ತಪ್ಪು ತಿಳುವಳಿಕೆ ಆಗಿತ್ತು" ಅಂತ ಶುರು ಮಾಡಿದೆ. ಅವಳು ಅಳಿಸಿದಳು. ಎರಡನೇ ಸಲ "ತಾಂತ್ರಿಕವಾಗಿ ನೋಡಿದರೆ" ಅಂದೆ. "ಬೈಯೋವಾಗ ತಾಂತ್ರಿಕ ಎಲ್ಲಿತ್ತು?" ಅಂತ ಅದನ್ನೂ ಅಳಿಸಿದಳು. ಮೂರನೇ ಸಲ, ತಿಪ್ಪೇಸ್ವಾಮಿಯ ಕೆಲಸ ಸರಿಯಾಗಿತ್ತು, ಕೆಡಿಸಿದ್ದು ನಾನು, ಅಳೆಯದೆ ಮಾತಾಡಿದೆ, ಅವನಿಗೆ ಸ್ಕೇಲು ಹಿಡಿಯಲು ಬರುವುದಿಲ್ಲ ಅಂದಿದ್ದು ಸುಳ್ಳು ಅಂತ ಹೇಳಿ ಮುಗಿಸಿದೆ. ಇಪ್ಪತ್ತು ಸೆಕೆಂಡೂ ಆಗಲಿಲ್ಲ. ಕೂಡಲೇ ಕೈ ಮುಗಿದ ಚಿತ್ರಗಳು ಬರತೊಡಗಿದವು. "ಎಷ್ಟು ದೊಡ್ಡ ಮನಸ್ಸು ಸಾರ್ ನಿಮ್ಮದು" ಅಂತ ಒಬ್ಬರು, "ನಿಜವಾದ ಗುರು" ಅಂತ ಇನ್ನೊಬ್ಬರು. ತಿಪ್ಪೇಸ್ವಾಮಿಯ ಬಗ್ಗೆ ಯಾರೂ ಒಂದು ಮಾತು ಬರೆಯಲಿಲ್ಲ. ಅನಂತಪುರದವರು ಮಾತ್ರ, ಕೆಲಸ ಬೇರೆಯವರಿಗೆ ಕೊಟ್ಟಾಗಿದೆ, ಮುಂದೆ ನೋಡೋಣ ಅಂದರು. ಹೊಗಳಿಕೆ ನನಗೆ ಬಂತು, ನಷ್ಟ ಅವನ ಹತ್ತಿರವೇ ಉಳಿಯಿತು. ಆ ಉತ್ತರಗಳನ್ನು ನನ್ನ ಫೋನಿನಲ್ಲೇ ಅವನೂ ಓದಿದ, ನಾನೂ ಓದಿದೆ.

ಹೊರಡುವ ಮೊದಲು ಅವನು ಹಳದಿ ಪೇಂಟು ತಂದು ಮತ್ತೆ ಅದೇ ಜಾಗದಲ್ಲಿ ಬರೆದ. ಡಬ್ಬ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವನು ನಾನು. ಬೋರ್ಡಿನ ಕಡೆ ನೋಡಿ, "ನನ್ನ ಹೆಸರು ತೆಗೆಸಿಬಿಡಪ್ಪ, ಅದಕ್ಕೆ ನಾನು ಯೋಗ್ಯ ಅಲ್ಲ" ಅಂದೆ. ಇಲ್ಲ ಸಾ, ಎಂಥ ಮಾತು ಅನ್ನುತ್ತಾನೆ ಅಂತ ಒಳಗೊಳಗೇ ಕಾದಿದ್ದೆ, ಸುಳ್ಳೇಕೆ ಹೇಳಲಿ. ಅವನು ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸುತ್ತಾ, "ಪೇಂಟ್ರು ಬಂದಾಗ ನೋಡಾಣ ಸಾ" ಅಂದ.

ಒಂಬತ್ತು ಗಂಟೆಗೆ ಹೊರಟೆವು. ಸರೋಜ ಒಂದು ಲೋಟ ತುಂಬ ನೀರು ಕಡಪಾ ಕಲ್ಲಿನ ಮೇಲಿಟ್ಟಿದ್ದಳು, ಗೇಟು ದಾಟಿ ರಸ್ತೆಗೆ ಇಳಿಯುವಾಗಲೂ ಅದು ತುಳುಕಲಿಲ್ಲ. ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಬೋರ್ಡು, ಅದರ ನೆತ್ತಿಯಲ್ಲಿ ನನ್ನ ಹೆಸರು. ಅದರ ಮುಂದೆ ತಿಪ್ಪೇಸ್ವಾಮಿ ರಸ್ತೆಯ ನಡುವಿಗೇ ಬಂದು ನಿಂತಿದ್ದ. ಅವನು ಕೈ ಬೀಸಬಹುದೆಂದು ನಾನು ಕೈ ಹೊರಗೆ ಹಾಕಿದೆ. ಅವನು ಕೈ ಬೀಸಲಿಲ್ಲ. ಮೊಣಕಾಲೂರಿ ಕೂತು, ತಲೆಯನ್ನು ಒಂದು ಕಡೆಗೆ ವಾಲಿಸಿ, ಗಾಡಿ ಎರಡೂ ಮಗ್ಗುಲಿಗೆ ಸಮನಾಗಿ ನಿಂತಿದೆಯೇ ಅಂತ ನಾವು ತಿರುವು ದಾಟುವವರೆಗೂ ನೋಡುತ್ತಿದ್ದ.